ಬೆಕ್ಕಿನಿಂದ ಹಾಲು

ರಾತ್ರಿ ಹನ್ನೊಂದೂಮುಕ್ಕಾಲು. ಏಜೆನ್ಸಿ ಸುದ್ದಿ:
ಆಸ್ಪತ್ರೆ. ನಲವತ್ತೊಂದು ಮಂದಿ.
ಮೂರು ಕಾಲಂ, ಒಂದೇ ಸಾಲು,
ಅಕ್ಷರ ಎಣಿಸುತ್ತ ಕೂತೆ.

ಬಾಂಬು ಹಾಕಿದವರ ಹೆಸರಿಗೆ ಬರುವಷ್ಟರಲ್ಲಿ
ಹೆಗಲ ಹಿಂದೆ ಚೀಫ್ ಸಬ್ ಜಯಶೀಲರು,
ದವಡೆಯಲ್ಲಿ ಲವಂಗ.
"ಜಾಗ ಸಾಲಲ್ಲ. 'ಸ್ಫೋಟ: 41 ಸಾವು' ಅನ್ನಿ, ಸಾಕು."

ಮೊನ್ನೆ ಆಚೆ ಬದಿಯಲ್ಲಿ ಏಳು ಜನ ಸತ್ತಾಗ
ಜಾಗ ಸಾಲಿತ್ತು.
ಕೊಂದವರ ಹೆಸರು ದಪ್ಪಕ್ಷರದಲ್ಲಿ ಕೂತು
'ಅಟ್ಟಹಾಸ'ಕ್ಕೂ ಎಡೆ ಉಳಿದಿತ್ತು.

ಹೈಸ್ಕೂಲಿನಲ್ಲಿ ಪದ್ಮಾಕ್ಷಿ ಟೀಚರು ಬೋರ್ಡಿನ ಮೇಲೆ
'ಬೆಕ್ಕಿನಿಂದ ಹಾಲು ಕುಡಿಯಲ್ಪಟ್ಟಿತು' ಅಂತ ಬರೆದು
ಯಾವ ಮನೇಲಿ ಹೀಗೆ ಮಾತಾಡ್ತಾರ್ರೋ
ಎಂದು ತಾವೇ ನಕ್ಕಿದ್ದರು.
ಕನ್ನಡಕ್ಕೆ ಕರ್ಮಣಿ ಒಗ್ಗಲ್ಲವಂತೆ.
ಒಗ್ಗಬೇಕಾಗಿಯೂ ಇಲ್ಲ ಟೀಚರ್,
ನಾವು ಬೆಕ್ಕನ್ನೇ ತೆಗೆದೆವು.
ಹಾಲು ಖಾಲಿ.

ನಾಲ್ಕೂವರೆಗೆ ಕೋಲ್ಸ್ ಪಾರ್ಕಿನ ಮೂಲೆ.
ಫುಟ್‌ಪಾತಿನಲ್ಲಿ ಕುಕ್ಕರುಗಾಲಲ್ಲಿ ಅಂತೋಣಿ,
ಕನ್ನಡ, ತಮಿಳು, ಉರ್ದು, ಇಂಗ್ಲಿಷು ಜೋಡಿಸುತ್ತಿದ್ದ.
ನಾಲ್ಕರಲ್ಲೂ ಅದೇ ಫೋಟೋ: ಒಂಟಿ ಚಪ್ಪಲಿ, ಸಣ್ಣದು.
ಒಂದರಲ್ಲಿ ಹುತಾತ್ಮರು, ಒಂದರಲ್ಲಿ ಉಗ್ರರು,
ನಮ್ಮದರಲ್ಲಿ ಬರೀ ಅಂಕಿ.

"ಯಾವುದು ಓದ್ತೀಯ?"
"ಓದೋದೆಲ್ಲಿ ಸಾರ್. ಯಾವ ಮನೆಗೆ ಯಾವುದು
ಅಂತ ಗೊತ್ತು. ಎಸೀತೀನಿ.
ಮೂರನೇ ಮಹಡಿಗೂ ಗುರಿ ತಪ್ಪಲ್ಲ."

ಅಷ್ಟರಲ್ಲಿ ಕಟ್ಟಿನಿಂದ ಒಂದು ಜಾರಿ
ಮೋರಿ ಅಂಚಿನ ಕೆಸರಿಗೆ.
"ಬಿತ್ತಲ್ಲೋ," ಅಂದೆ.
"ನಾನೇ ಬೀಳಿಸಿದ್ದು ಸಾರ್,"
ಅಂದು, ಪ್ಯಾಂಟಿಗೆ ಒರೆಸಿ,
ತಲೆಬರಹ ಒಳಗಾಗುವಂತೆ ಮಡಚಿದ.