ಹೆಸರಿಗಿಂತ ಮುಂಚಿನ ಜಾಗ

ಮೊದಲ ಸಲ ಬರೆದದ್ದು ಲಾರಿಯ ಬಾಗಿಲ ಮೇಲೆ,
ಹಳದಿಯಲ್ಲಿ, ಗೇಣುದ್ದ:
ತೀರ್ಥಪ್ಪ.
ಅಷ್ಟೇ. ಹಿಂದಿಲ್ಲ, ಮುಂದಿಲ್ಲ.
ಮೂವತ್ತು ರೂಪಾಯಿಗೆ ಚೌಕಾಸಿ ಮಾಡಿ
ಇಪ್ಪತ್ತೆರಡು ಕೊಟ್ಟು, ಒಂದು ಬೀಡಿ ಇಬ್ಬರೂ ಸೇದಿ, ಹೋದ.
ರಿಪ್ಪನ್‌ಪೇಟೆ ಸರ್ಕಲ್ಲಿನಲ್ಲಿ ಆಗ ಅವನನ್ನು
'ಏ ತೀರ್ಥ' ಎನ್ನುವವರು ನೂರು ಮಂದಿ.
ನಾನೂ ಒಬ್ಬ.

ಎರಡನೇ ಸಲ ಬಸ್‌ಸ್ಟ್ಯಾಂಡಿನ ಬೆಂಚು.
'ದಾನಿಗಳು' ಎಂದು ಬರೆದು, ಎರಡು ಚುಕ್ಕೆ ಇಟ್ಟು,
ಬ್ರಷ್ಷು ಎತ್ತಿ ಕಾದೆ.
'ಶ್ರೀ ಹಾಕು ಗುತ್ಯಪ್ಪ, ಎಲ್ಲರಿಗೂ ಹಾಕ್ತಾರಲ್ಲ,' ಅಂದ.
ನಾಚಿಕೊಂಡೇ ಅಂದ.
ಹಾಕಿದೆ. ಜಾಗ ಇತ್ತು.
ಬಸ್ಸು ಕಾದವರ ಬೆನ್ನು ಆರು ವರ್ಷ ಉಜ್ಜಿ ಉಜ್ಜಿ
ಹೆಸರು ಸವೆಯಿತು,
ಶ್ರೀ ಅಂಚಿನಲ್ಲಿದ್ದದ್ದಕ್ಕೆ ಉಳಿಯಿತು.

ಆಮೇಲೆ ಸೊಸೈಟಿ. ಗೊಬ್ಬರ ಬಂದ ದಿನ
ಸಾಲು ಯಾರಿಂದ ಶುರು ಎಂದು ಹೇಳುವವನು ಅವನು.
ಆಮೇಲೆ ಬಗರ್‌ಹುಕುಂ ಅರ್ಜಿಗಳು.
ಹೊಸನಗರದ ತಾಲ್ಲೂಕು ಕಚೇರಿಯಲ್ಲಿ
ನಾವು ಮೂರು ದಿನ ನಿಂತ ಬಾಗಿಲಿಗೆ
ಅವನು ಹೋದರೆ, ಒಳಗೆ ಕುರ್ಚಿ ಸರಿದ ಸದ್ದು.
ಆ ಸದ್ದನ್ನೇ ನಾವು ಊರಿಗೆ ತಂದೆವು,
ಹೋಟೆಲಿನಲ್ಲಿ ಚಾ ಜತೆ ಬೈಟು ಮಾಡಿಕೊಂಡೆವು:
'ಸಾಹೇಬ್ರೇ ಎದ್ದು ಕೂರ್ಸಿದ್ರಂತೆ!'
ಅಲ್ಲಿ ಸಾಹೇಬರು ಕೂರಿಸಿದ್ದು
ಊರೇ ಅವನ ಹಿಂದಿದೆ ಎಂದು;
ಇಲ್ಲಿ ಊರು ಎದ್ದು ನಿಂತದ್ದು
ಸಾಹೇಬರು ಕೂರಿಸಿದರು ಎಂದು.
ನಡುವೆ ಅವನು,
ಎರಡು ಬಿಳಿ ಅಂಗಿ ಹೊಲಿಸಿದ್ದು ಬಿಟ್ಟರೆ,
ಏನೂ ಮಾಡಲಿಲ್ಲ.

ನಮ್ಮವ್ವ ಸತ್ತದ್ದು ಮಾಗಿಯ ನಸುಕಿಗೆ.
ಅಣ್ಣ ಭದ್ರಾವತಿಯಿಂದ ಬರುವ ಮೊದಲೇ
ಅವನು ಬಂದಿದ್ದ. ಅರ್ಧ ಲೋಡು ಸೌದೆ ಇಳಿಸಿ,
ಪಂಚೆ ಎತ್ತಿ ಕಟ್ಟಿ, ಚಟ್ಟಕ್ಕೆ ತಾನೇ ಬಿದಿರು ಸೀಳಿ,
ಮುಂದಿನ ತುದಿಗೆ ಎಡ ಹೆಗಲು ಕೊಟ್ಟ.
ಇಳಿಜಾರಿನಲ್ಲಿ ನನ್ನ ಕಾಲು ಜಾರಿದಾಗ
ಅವ್ವನ ಭಾರವೆಲ್ಲ ಅವನ ಮೇಲೆ ಹೋಯಿತು.
ಅವನು ಅಲುಗಲಿಲ್ಲ.
ಇದನ್ನು ನಾನು ಮರೆಯುವಂತಿಲ್ಲ.
ಅವನೂ ಮರೆಯಲಿಲ್ಲ.

ತಿಥಿ ಮುಗಿದ ವಾರಕ್ಕೆ ಸ್ಮಶಾನದ ಹೊಸ ಶೆಡ್ಡಿಗೆ ಬರೆಸಿದ:
'ಸಮಾಜ ಸೇವಕರು, ಕೊಡುಗೈ ದಾನಿಗಳು.'
ದುಡ್ಡು ಕೇಳಲು ನಾಲಿಗೆ ಏಳಲಿಲ್ಲ.

ಎದುರು ನಿಂತವಳು ಆಶಾ ಕಾರ್ಯಕರ್ತೆ ನೀಲಾವತಿ.
ನಮ್ಮ ಕೇರಿಯ ಬೋರಿಗಾಗಿ ಎರಡು ಬೇಸಿಗೆ
ತನ್ನ ಕಾಸಿನಲ್ಲೇ ಬಸ್ಸು ಹತ್ತಿ ಇಳಿದವಳು.
'ನಾಲ್ಕಕ್ಷರಕ್ಕೆ ಎಷ್ಟಾಗುತ್ತಣ್ಣ?' ಎಂದು ಕೇಳಿದಳು,
ಹಿಂದೆ ಮುಂದೆ ಏನೂ ಬೇಡ ಅಂದಳು.
ಬರೆದೆ. ಗೋಡೆಯ ಮೇಲೆ ಬತ್ತಲೆ ಕಂಡಿತು.
ಜನ ಓದಿ 'ಯಾರಿವಳು?' ಎಂದರು,
ಅವಳ ಕೈಯಿಂದ ಪೋಲಿಯೋ ಹನಿ ಕುಡಿದ
ಮಕ್ಕಳ ತಾಯಂದಿರೂ.
ಅರವತ್ತೊಂದು ಓಟಿಗೆ ಸೋತಳು.
ಅದರಲ್ಲಿ ಒಂದು ಯಾರದೆಂದು
ನನ್ನ ಬೆರಳಿಗೆ ಗೊತ್ತು.
ಬಣ್ಣ ನನಗೆ ಹೊಸದಲ್ಲ;
ಟರ್ಪೆಂಟೈನಿಗೂ ಹೋಗದ್ದು ಆ ಶಾಯಿ ಒಂದೇ.

ಈಗ ಪಂಚಾಯ್ತಿ ಕಟ್ಟಡದ ಕಲ್ಲು.
ಫ್ಲೆಕ್ಸಿನವರು ಬಂದಮೇಲೆ ಸಿಕ್ಕ ಅಪರೂಪದ ಕೆಲಸ.
ಚೀಟಿ ಕಳಿಸಿದ್ದಾನೆ,
ಕಳಿಸಿದ್ದಾರೆ:
'ಜನಪ್ರಿಯ ಧುರೀಣರು, ಸನ್ಮಾನ್ಯ ಶ್ರೀ'
ಅನ್ನುವಷ್ಟರಲ್ಲಿ ಸಾಲು ಮುಗಿಯುತ್ತದೆ.
ತೀರ್ಥಪ್ಪನನ್ನು ಸಣ್ಣಗೆ ಮಾಡಿ ಕೆಳಗಿಳಿಸಬೇಕು.
ಧುರೀಣ ಅಂದರೆ ಏನೆಂದು
ಹಾದುಹೋಗುತ್ತಿದ್ದ ಕನ್ನಡ ಮೇಷ್ಟ್ರನ್ನು ಕೇಳಿದೆ.
'ನೊಗ ಹೊರುವವನು ಕಣಯ್ಯ.'
'ಎತ್ತಾ ಸಾರ್?'
ನಕ್ಕರು. ಅತ್ತಿತ್ತ ನೋಡಿ ನಗು ನಿಲ್ಲಿಸಿದರು.

ನನಗೆ ನಗು ಬರಲಿಲ್ಲ.
ಆ ಎಡ ಹೆಗಲು ನೆನಪಾಯಿತು, ಇಳಿಜಾರು ನೆನಪಾಯಿತು.
ಬರಿ ದ ಸಾಲದು ಇಲ್ಲಿ,
ಅದರ ಹೊಟ್ಟೆ ಸೀಳಿದರೇ ಮಹಾಪ್ರಾಣ.
ಬ್ರಷ್ಷು ಅದ್ದಿ, ಉಸಿರು ಹಿಡಿದು,
ಸೀಳಿದೆ.

ನೀಟಾಗಿ ಬಂದಿದೆ. ಬಂದು ನೋಡಿ.