ಕಿಲೋ ಲೆಕ್ಕ

ಮಂಡಿಪೇಟೆಯ ತಿರುವಿನಲ್ಲಿ, ಬೆಲ್ಲದ ಮಂಡಿಗೂ
ಹಗ್ಗದಂಗಡಿಗೂ ನಡುವೆ, ಎಂಟಡಿ ಅಗಲದ ನಾದಶ್ರೀ.
ಅಲ್ಲಿ ಆರು ವರ್ಷ ಸ್ಟೂಲಿನ ಮೇಲೆ ನಿಂತವನು ನಾನು.
ಮಾರಿದ ಪ್ರತಿ ಕ್ಯಾಸೆಟ್ಟಿನ ಒಳಗಾಗದಕ್ಕೆ
ಪದ್ಮರಾಜಯ್ಯನವರು ಒಂದು ಸೀಲು ಒತ್ತುತ್ತಿದ್ದರು:
ನೇರಳೆ ಮಸಿ, ಅಂಗಡಿಯ ಹೆಸರು, ಕೆಳಗೆ ತಾರೀಖು.
ಟೇಪು ಸಿಕ್ಕಿಕೊಂಡರೆ ತಿಂಗಳೊಳಗೆ ತನ್ನಿ,
ಬದಲಿಸಿ ಕೊಡುತ್ತೇವೆ.
ಅದು ಸೀಲಿನ ಮಾತು.

ಆಮೇಲೆ ತುಮಕೂರಿಗೆ ಸೀಡಿ ಬಂತು,
ನೂರೈವತ್ತು ಹಾಡು ಒಂದೇ ತಟ್ಟೆಯಲ್ಲಿ.
ಮನೆಮನೆಯ ಅಟ್ಟದಿಂದ ಕ್ಯಾಸೆಟ್ಟುಗಳು ಇಳಿದವು,
ಹಳೇ ಪೇಪರು, ಹಾಲಿನ ಕವರು, ಒಡೆದ ಬಕೆಟ್ಟಿನ ಜೊತೆ
ಗುಜರಿಯವನ ತಕ್ಕಡಿಗೆ.
ಅಲ್ಲಿಂದ ಮೂಟೆ ಕಟ್ಟಿ ತಂದ ಸಮೀವುಲ್ಲಾ
ನಮ್ಮೆದುರಿನ ಫುಟ್‌ಪಾತಿನಲ್ಲಿ ಸುರಿದ.
ನೀಲಿ ಟಾರ್ಪಾಲು. ಹತ್ತಕ್ಕೆ ಮೂರು.
ನಮ್ಮಲ್ಲಿ ಒಂದಕ್ಕೆ ಮೂವತ್ತೆಂಟು.

ಗುಬ್ಬಿ ಕಡೆಯ ನಾಟಕದ ಮೇಷ್ಟ್ರು ಕೆಂಪಹೊನ್ನಯ್ಯ
ನಮ್ಮ ಬೆಂಚಿನಲ್ಲಿ ಕೂತು, ನಮ್ಮ ಟೇಪ್‌ರೆಕಾರ್ಡರಿನಲ್ಲಿ
ರಾಜಪಾರ್ಟಿನ ಪದ್ಯ ಎರಡು ಸಲ ಕೇಳಿ,
"ಕಪ್ಪು ಎರಡು, ಅಲ್ವೇನ್ರೀ?" ಎಂದು ಶ್ರುತಿ ಹಿಡಿದು,
ನಮ್ಮ ಕಾಫಿ ಕುಡಿದು,
ರಸ್ತೆ ದಾಟಿ ಅದೇ ರಾಜನನ್ನು
ಮಂತ್ರಿ, ಹಾಸ್ಯಗಾರರ ಸಮೇತ
ಹತ್ತು ರೂಪಾಯಿಗೆ ಕೊಂಡುಕೊಂಡರು.
ಮರುವಾರ ಮಂತ್ರಿಯ ಟೇಪು ಸುರುಳಿ ಬಿಚ್ಚಿಕೊಂಡಾಗ
ಬಂದದ್ದು ನಮ್ಮಲ್ಲಿಗೇ.
ಪೆನ್ಸಿಲು ತೂರಿಸಿ ಸುತ್ತಿಕೊಟ್ಟೆ.
ಅದಕ್ಕೆ ಕಾಸು ಕೇಳುವುದು ಅಂಗಡಿಯ ರೂಢಿಯಲ್ಲ.

ಬೈಯಲು ನನಗೆ ಬಾಯಿಯೂ ಇರಲಿಲ್ಲ.
ಭಾನುವಾರ ಆ ಟಾರ್ಪಾಲಿನ ಮುಂದೆ
ನಾನೂ ಕುಕ್ಕರುಗಾಲಲ್ಲಿ ಕೂತವನೇ.
ಆರು ವರ್ಷ ಕೈಯಲ್ಲಿ ಹಿಡಿದು, ಒರೆಸಿ, ಜೋಡಿಸಿಟ್ಟದ್ದು
ಮೊದಲ ಸಲ ನನ್ನದಾದದ್ದು ಅಲ್ಲಿ.

ಒಂದು ದಿನ ಯಜಮಾನರು ಆ ರಾಶಿಯಲ್ಲಿ
ತಮ್ಮದೇ ನೇರಳೆ ಸೀಲು ಕಂಡರು.
ಏನೂ ಅನ್ನಲಿಲ್ಲ. ಗಲ್ಲಾದಿಂದ ನೂರರ ನೋಟು ತೆಗೆದು
"ನಮ್ಮವನ್ನೆಲ್ಲ ಆರಿಸ್ಕೊಂಡು ಬಾ" ಎಂದರು,
ಗುಡಿಯ ಹೊರಗೆ ಬಿಟ್ಟ ಚಪ್ಪಲಿ ಹುಡುಕುವವರ ದನಿಯಲ್ಲಿ.
ಮೂವತ್ತು ತಂದೆ.
ಸಮೀವುಲ್ಲಾನ ಕಣ್ಣು ಚುರುಕು.
ಮಾರನೇ ಭಾನುವಾರ ಸೀಲಿನವು ಬೇರೆ ಗುಡ್ಡೆ:
"ಇದು ನಾದಶ್ರೀ ಮಾಲು, ಟೇಪು ಸಿಕ್ಕೊಳ್ಳಲ್ಲ,
ಒಂದೊಂದು ಎಂಟು!"
ಜನ ಎಂಟು ಕೊಟ್ಟರು.
ನಮ್ಮ ಹೆಸರಿಗೆ ಆ ಬೀದಿಯಲ್ಲಿ ಬೆಲೆ ಬಂತು,
ನಮ್ಮ ಬಾಗಿಲಿಂದ ಹದಿನೈದು ಹೆಜ್ಜೆ ಆಚೆ.

ಬಾಡಿಗೆ ಐದು ತಿಂಗಳು ನಿಂತ ಮೇಲೆ
ಅವನೇ ಒಳಗೆ ಬಂದ, ಚಪ್ಪಲಿ ಹೊರಗೆ ಬಿಟ್ಟು.
ತಕ್ಕಡಿ ತಂದಿರಲಿಲ್ಲ.
"ಗುಜರಿಗೆ ಹಾಕ್ಬೇಡಿ ಸ್ವಾಮಿ, ಕಿಲೋಗೆ ನಾಲ್ಕು ಕೊಡ್ತಾರೆ.
ನಾನು ಎಣಿಸಿ ತಗೋತೀನಿ. ಒಂದಕ್ಕೆ ಐದು.
ಸೀಲು ಮಾತ್ರ ಒತ್ತಿರ್ಬೇಕು."

ಸಾವಿರದ ನೂರಾ ಹನ್ನೆರಡು.
ಶಟರು ಅರ್ಧ ಇಳಿಸಿ ರಾತ್ರಿಯಿಡೀ ಒತ್ತಿದೆವು.
ನಾನು ಬಿಚ್ಚಿ ಕೊಡುವುದು, ಅವರು ಒತ್ತುವುದು,
ಸಮೀವುಲ್ಲಾ ಆರಲು ಹರಡುವುದು,
ಬೆಂಚು, ಗಲ್ಲಾ, ನೆಲ, ನನ್ನ ಸ್ಟೂಲು.
ಯಾರೂ ಕೊಳ್ಳದ್ದಕ್ಕೆ ಕೊಂಡ ತಾರೀಖು.
"ತಿಂಗಳೊಳಗೆ ಯಾರಾದ್ರೂ ವಾಪಸ್ ತಂದ್ರೆ?" ಎಂದೆ.
"ತರ್ಲಿ" ಎಂದರು.

ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟದವರು ಅವರು;
ಮೂರು ಗಂಟೆಗೆ ಮಸಿ ಮುಗಿದಾಗ
ನನ್ನ ಬಾಟಲಿ ಈಸಿಕೊಂಡು
ಪ್ಯಾಡಿಗೆ ನಾಲ್ಕು ಹನಿ ಚಿಮುಕಿಸಿದರು.
ಕೊನೆಯ ಇನ್ನೂರರ ಮೇಲೆ
ಹೆಸರಿದೆಯೋ ಇಲ್ಲವೋ
ಬಲ್ಬಿಗೆ ಹಿಡಿದು ನೋಡಬೇಕು.

ಸಮೀವುಲ್ಲಾ ಹಿಡಿದು ನೋಡಿದ.
ಅವಕ್ಕೆ ನಾಲ್ಕೂವರೆ ಕೊಟ್ಟ.