ಉಪ್ಪು ತಿಂದ ಅಂಕಿ

ಬೈತ್‌ಖೋಲದಲ್ಲಿ, ಕಡಲಿನಿಂದ ಮುನ್ನೂರು ಹೆಜ್ಜೆಗೆ, ನನ್ನ ಶೆಡ್ಡು.
ಇಲ್ಲಿ ಕಬ್ಬಿಣ ಇಟ್ಟುಕೊಳ್ಳುವುದೆಂದರೆ
ಕಳ್ಳನ ಪಕ್ಕದಲ್ಲೇ ಚಾಪೆ ಹಾಸಿ
ಚಿನ್ನಕ್ಕೆ ಕಾವಲು ಮಲಗಿದ ಹಾಗೆ.

ಡಾಟ್ಸನ್. ಎರಡೇ ಬಾಗಿಲು. ಎಪ್ಪತ್ತಮೂರರ ಹುಟ್ಟು.
ಮೂತಿ ಇಸ್ವಣ ಮೀನಿನದು, ಅದರೊಳಗೆ ಸಾಲಾಗಿ ಆರು ಸಿಲಿಂಡರ್.
ಹಡಗಿನ ಹೊಟ್ಟೆಯಲ್ಲಿ ಮುರಗಾಂವಿಗೆ ಇಳಿಸಿ ತಂದವನು ಕಾಯ್ತಾನ್,
ಯೊಕೊಹಾಮಾ ದಾರಿಯ ಅದಿರು ಹಡಗಿನ ಮೂರನೇ ಎಂಜಿನಿಯರ್.
ಅವನು ಹೋದ ಮೇಲೆ ಕ್ವಿತೇರಿಯಾ ಬಾಯಿ
ಕೀಲಿ ನನ್ನ ಅಂಗೈಗೆ ಹಾಕಿ ಹೇಳಿದ್ದು ಎರಡೇ ಮಾತು:
ಮಾರಬೇಡ. ಹಾರ್ನ್ ಬದಲಿಸಬೇಡ.

ಉಳಿದದ್ದೆಲ್ಲ ಬದಲಾಯಿತು.
ಪೆಟ್ರೋಲ್ ಪಂಪು ಮಾರುತಿ ವ್ಯಾನಿನದು.
ಮುಂಗಾಲಿನ ಬುಶ್ಶುಗಳನ್ನು
ಟ್ರಾಲರಿನ ಪ್ರೊಪೆಲ್ಲರ್ ಶಾಫ್ಟಿನ ಹಳೇ ರಬ್ಬರಿನಲ್ಲಿ ಕೊರೆದು ಕೂರಿಸಿದೆ.
ಸೀಟಿಗೆ ಹಾಯಿಬಟ್ಟೆ.
ಜಪಾನಿನವರು ನೆಲಕ್ಕೆ ಒತ್ತಿ ಮಾಡಿದ ಗಾಡಿಯನ್ನು
ಒಂದೂವರೆ ಇಂಚು ಮೇಲೆತ್ತಿದೆ,
ಮಾಜಾಳಿಯ ಹಂಪಿಗೆ ಹೊಟ್ಟೆ ತಾಗದಿರಲಿ ಎಂದು.

ಪುಣೆಯಿಂದ ಒಬ್ಬ ಬಂದಿದ್ದ. ಬಿಳಿ ಬೂಟು.
ಮೂರು ಸುತ್ತು ಬಂದು ಕೇಳಿದ, ಒರಿಜಿನಲ್ ಏನು ಉಳಿದಿದೆ?
ತುಕ್ಕು, ಅಂದೆ.
ಚಹಾ ಮುಟ್ಟದೆ ಹೋದ.

ಮಳೆಗಾಲಕ್ಕೆ ಮೊದಲು ಬಾಗಿಲಿನ ಅಡಿಯ ತೂತುಗಳಿಗೆ
ತಂತಿ ಚುಚ್ಚಿ ಮಣ್ಣು ತೆಗೆಯುತ್ತೇನೆ.
ಆಮೇಲೆ ತಾರ್ಲೆ ಎಣ್ಣೆ,
ದೋಣಿಯ ಹಲಗೆಗೆ ಹಚ್ಚುವ ಅದೇ ಎಣ್ಣೆ, ತಗಡಿನ ಸಂದುಸಂದಿಗೆ.
ಹದಿನೈದು ದಿನ ಬಂದರಿನ ಬೆಕ್ಕೆಲ್ಲ ಅದರಡಿಯೇ ಮಲಗುತ್ತವೆ,
ಹೆಂಡತಿ ಮದುವೆಮನೆಗೆ ಬಸ್ಸಿನಲ್ಲಿ ಹೋಗುತ್ತಾಳೆ.

ಎರಡು ಕಾರ್ಬ್ಯುರೇಟರ್. ಎರಡಕ್ಕೂ ಒಂದೇ ಉಸಿರು ಬರಬೇಕು.
ಒಂದು ಮೊಳ ರಬ್ಬರ್ ಪೈಪು: ಆ ತುದಿ ಅದರ ಬಾಯಿಗೆ,
ಈ ತುದಿ ನನ್ನ ಕಿವಿಗೆ.
ಮುಂದಿನದು ಶ್ ಎಂದರೆ ಹಿಂದಿನದೂ ಶ್,
ಅಷ್ಟೇ ದಪ್ಪದ ಶ್.
ಸ್ಕ್ರೂ ಕಾಲು ಸುತ್ತು. ಕೇಳು. ಇನ್ನು ಕೂದಲೆಳೆಯಷ್ಟು. ಕೇಳು.
ಎಡಗಿವಿಯನ್ನು ಟ್ರಾಲರಿನ ಡೀಸೆಲ್ಲುಗಳು ಯಾವತ್ತೋ ತಿಂದವು,
ಬಲಗಿವಿ ಇದಕ್ಕೆಂದೇ ಇಟ್ಟುಕೊಂಡಿದ್ದೇನೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಇದೂ ಕುಡಿಯುತ್ತದೆ,
ಅಣಶಿ ಘಟ್ಟ ಹತ್ತುವಾಗ ಎರಡು ಕೊಡ.

ಈ ಸಲ ಆರ್‌ಸಿ ಮುಗಿದಿತ್ತು.
ಇನ್ಸ್‌ಪೆಕ್ಟರ್ ಬೊಮ್ಮಯ್ಯ ನಾಯಕರು, ಅಂಕೋಲೆ ಕಡೆಯವರು,
ಚೇಸಿಸ್ ನಂಬರಿನ ಮೇಲೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿದರು.
ಕಪ್ಪಿನೊಳಗಿಂದ ಒಂದೊಂದೇ ಅಂಕಿ ಬೆಳ್ಳಗೆ ಎದ್ದಿತು.
ಕೊನೆಯದು ಅರ್ಧ ಎದ್ದು ನಿಂತಿತು.
ಆರ್‌ಸಿಯಲ್ಲಿ ಎಂಟು ಉಂಟು. ಇಲ್ಲಿ ಮೂರು ಕಾಣ್ತದಲ್ಲ?

ಉಪ್ಪುಗಾಳಿ ಸರ್, ಅಂದೆ. ಎಡಭಾಗ ತಿಂದುಬಿಟ್ಟಿದೆ.

ಸುಳ್ಳು.
ಎರಡು ವರ್ಷದ ಹಿಂದೆ, ಅಲ್ಲಿ ಚುಕ್ಕಿಯಷ್ಟು ಕೆಂಪು ಕಂಡು,
ರಾತ್ರಿ ಹನ್ನೊಂದರವರೆಗೆ ಮರಳುಕಾಗದ ಹಿಡಿದು ತಿಕ್ಕಿದವನು ನಾನು.
ಕಡಲು ಐವತ್ತು ವರ್ಷದಲ್ಲಿ ಮಾಡದ್ದನ್ನು
ಒಂದು ರಾತ್ರಿಯಲ್ಲಿ ಮಾಡಿದೆ, ಅಷ್ಟು ಜತನದಿಂದ.

ಅವರು ಬಾನೆಟ್ಟಿನ ಹತ್ತಿರ ಮೂಗು ತಂದರು.
ನಮ್ಮಪ್ಪನ ದೋಣಿ ವಾಸನೆ ಬರ್ತದಲ್ಲ ಮಾರಾಯ, ಎಂದರು.
ಕಾಗದ ಮಡಚಿ ಜೇಬಿಗಿಟ್ಟರು.
ಗುರುವಾರ ಬಾ.

ಸೀದಾ ಮನೆಗೆ ಬರಲಿಲ್ಲ. ಕಾಳಿ ಸೇತುವೆ ದಾಟಿದೆ.
ಹಳೆಯದು ಹೊಳೆಗೆ ಬಿದ್ದ ಮೇಲೆ
ಹೋಗುವವರಿಗೂ ಬರುವವರಿಗೂ ಅದೊಂದೇ.
ಸದಾಶಿವಗಡದ ತಿರುವಿನಲ್ಲಿ ಹಾರ್ನ್ ಒತ್ತಿದೆ,
ಇದ್ದ ಎರಡು ದನಿಯಲ್ಲಿ ಈಗ ಒಂದೇ ಕೂಗುತ್ತದೆ.
ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದ ಕ್ವಿತೇರಿಯಾ ಬಾಯಿ
ತಲೆ ಎತ್ತಲಿಲ್ಲ.
ಮೆಟ್ಟುಗತ್ತಿಯ ಅಲಗಿಗೆ ತಾಗಿದ್ದ ಬಂಗಡೆ
ಒಂದು ಗಳಿಗೆ ಅಲ್ಲೇ ನಿಂತಿತು.

ಗುರುವಾರ ಹೋಗಬೇಕು.
ಮೂರೋ, ಎಂಟೋ.